ಒತ್ತಡದ ಸ್ವಿಚ್ಚು

ಪೋರ್ಟ್ ಆಗಸ್ಟಾ. ಹತ್ತೂವರೆಗೇ ನಲವತ್ತೊಂದು ಡಿಗ್ರಿ.
ಶೆಡ್ಡಿನ ತಗಡು ಹಿಗ್ಗುತ್ತ ಚಟಪಟ.
ಬೆವ್ ಬಂದಳು, ಕಿಟಕಿ ನಾಲ್ಕೂ ಇಳಿಸಿ,
ಕತ್ತಿಗೆ ಒದ್ದೆ ಟವೆಲು ಸುತ್ತಿ:
“ಆ ಸ್ವಿಚ್ಚು ಕೆಟ್ಟಿದೆ, ಕಿತ್ತುಹಾಕು.
ಕ್ವೋರ್ನ್‌ಗೆ ಹೋಗಬೇಕು. ಹಿಂದಿನ ಸೀಟಿನಲ್ಲಿ
ಹದಿನಾಲ್ಕು ಜನರ ಊಟ ಇದೆ.”

ಬಾನೆಟ್ಟು ಎತ್ತಿದೆ.
ಹೆಬ್ಬೆರಳಿನಷ್ಟು ಹಿತ್ತಾಳೆ, ಎರಡು ವೈರು.
ತುಂಬಿದ ಕೊಡ ತುಳುಕುವುದಿಲ್ಲ ಅಂತಾರೆ;
ಇಲ್ಲಿ ಬರಿದಾದದ್ದೇ
ತುಟಿ ಬಿಚ್ಚದೆ ಕೂತಿದೆ.

ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಒಮ್ಮೆ
ಪಿನ್ನಿನಿಂದ ಪಿನ್ನಿಗೆ ತುಂಡು ತಂತಿ ಸಿಕ್ಕಿಸಿ
ಇದನ್ನು ಏಮಾರಿಸಿದ್ದೆ. ಟಕ್ ಅಂತು ಕ್ಲಚ್ಚು.
ಗಿರಾಕಿ ನಕ್ಕ, ಚಹಾ ಕುಡಿಸಿದ.
ಎಂಟನೇ ದಿನ ಅದೇ ಕಾರು
ಹಗ್ಗ ಕಟ್ಟಿಸಿಕೊಂಡು ಬಂತು.
ಎಣ್ಣೆ ನಡೆಯುವುದೇ ಗ್ಯಾಸಿನ ಹೆಗಲೇರಿ,
ಗ್ಯಾಸಿಲ್ಲದ ಕಂಪ್ರೆಸರು ತನ್ನನ್ನೇ ತಾನು ಅರೆದುಕೊಂಡಿತ್ತು.
ಮೊಯ್ದೀನ್ ಸಾಬರು ಬೈಯಲಿಲ್ಲ.
ಆ ಬೆಳ್ಳಿ ಹುಡಿಯನ್ನು
ನನ್ನ ಅಂಗೈಗೆ ಸುರಿದರು, ಅಷ್ಟೆ.

ಬೆವ್‌ಗೆ ಇದನ್ನೆಲ್ಲ ಹೇಳಲಿಲ್ಲ.
ಶಟರು ಎಳೆದು ಕತ್ತಲು ಮಾಡಿ ನೀಲಿ ಟಾರ್ಚು ಹಿಡಿದೆ.
ಹಿಂದೆ ಯಾರೋ ಬಿಟ್ಟ ಬಣ್ಣ ಹೊಳೆಯಿತು
ಕಂಡೆನ್ಸರಿನ ಮೂಲೆಯಲ್ಲಿ, ಜಲ್ಲಿ ಬಡಿದಲ್ಲಿ:
ಮಿಡತೆಯ ಹಸಿರು, ಒಂದು ಸಾಸಿವೆಯಷ್ಟು.

“ಇಷ್ಟಕ್ಕೇನಾ?”
“ಇಷ್ಟಕ್ಕೇ. ಸ್ವಿಚ್ಚು ಸರಿಯಾಗಿದೆ.
ಕಂಡೆನ್ಸರು ಅಡಿಲೇಡಿನಿಂದ ಗುರುವಾರ.”

ಬೈದಳು, ನನಗೂ ಅಡಿಲೇಡಿಗೂ ಸೇರಿಸಿ.
ಆಮೇಲೆ ನನ್ನ ಫ್ರಿಜ್ಜಿನ ಐಸನ್ನೆಲ್ಲ ಬಳಿದು
ಊಟದ ಡಬ್ಬಿಗಳ ಮೇಲೆ ಸುರಿದುಕೊಂಡು
ಹೊರಟೇಬಿಟ್ಟಳು,
ಕಿಟಕಿ ನಾಲ್ಕೂ ಇಳಿಸಿಯೇ.