ಹದಿಮೂರನೇ ನಂಬರಿನ ಸಾಲು

ಮೇಜಿನ ಮೇಲೆ ಕಾರ್ಬನ್ ಇಟ್ಟು ಪೆನ್ನು ಒತ್ತಿ ಬರೆಯುವವನು ನಾನು.
ತುಮಕೂರಿನ ಈ ಸಿಮೆಂಟ್ ಕೋರ್ಟಿನಲ್ಲಿ
ಮೂವತ್ತೊಂದು ವರ್ಷದಿಂದ
ಬುಟ್ಟಿಗೆ ಬಿದ್ದದ್ದಕ್ಕೆಲ್ಲ ಲೆಕ್ಕ ನನ್ನದು.
ಬೀಳದ್ದಕ್ಕೆ ಹಾಳೆಯಲ್ಲಿ ಜಾಗವಿಲ್ಲ.

ಮೊದಲ ಐವರ ಹೆಸರಿನ ಮುಂದೆ ಇಂಟು ಗುರುತು, ಅದಕ್ಕೊಂದು ಸುತ್ತು.
ಆಮೇಲೆ ಇಳಿದವರಿಗೆ ಸುತ್ತಿಲ್ಲದ ಇಂಟು.
ಇಳಿಯದವರಿಗೆ ಏನೂ ಇಲ್ಲ.
ಗಂಗಹನುಮಯ್ಯ, ನಂಬರು ಹದಿಮೂರು,
ವಯಸ್ಸು ಮೂವತ್ತೊಂಬತ್ತು (ಅವನು ಹೇಳುವುದು ಮೂವತ್ತಾರು),
ಅವನ ಸಾಲು ಎಷ್ಟೋ ಸಂಜೆ
ತೊಳೆದಿಟ್ಟ ತಟ್ಟೆಯ ಹಾಗೆ.

ಹಗಲೆಲ್ಲ ಯಾರ್ಡಿನಲ್ಲಿ ಹುಣಸೆ ಚೀಲ ತೂಗುತ್ತಾನೆ.
ಸಂಜೆ ಚೆಂಡನ್ನು ಅಂಗೈಯಲ್ಲಿ ತೂಗಿ
'ಗಾಳಿ ಒಂದು ಗುಟುಕು ಕಮ್ಮಿ' ಅನ್ನುತ್ತಾನೆ;
ಪಂಪು ತಂದು ನೋಡಿದರೆ ಹೌದು, ಕಮ್ಮಿ.
ಆಚೆ ಬದಿಯ ಬುಟ್ಟಿಯ ಕಬ್ಬಿಣದ ಬಳೆ
ಎಡಕ್ಕೆ ಒಂದು ಬೆರಳು ವಾಲಿದೆ ಎಂದು ತಿಳಿದವರು ಇಬ್ಬರೇ:
ಅದನ್ನು ಬೆಸೆದ ವೆಲ್ಡರ್, ಮತ್ತೆ ಇವನು.
ವೆಲ್ಡರ್ ತೀರಿಕೊಂಡ.

ಟೈಮ್‌ಔಟಿನಲ್ಲಿ ಕೋಚ್ ನರಸೇಗೌಡರು ಕೂಗುತ್ತಾರೆ,
ಕುತ್ತಿಗೆಯ ನರ ಉಬ್ಬಿ, ಕೋಟೆ ಆಂಜನೇಯನಿಗೂ ಕೇಳುವ ಹಾಗೆ.
ಹುಡುಗರು ತಲೆಯಾಡಿಸುತ್ತಾರೆ. ಕಿವಿ ಇರುವುದು ಬೇರೆ ಕಡೆ.
ನೀರಿನ ಬಾಟಲಿ ಕೊಡುತ್ತ ಇವನದು ಒಂದೊಂದೇ ಮಾತು:
'ಆ ಉದ್ದನೆಯವನು ಬಲಗಾಲು ಎಳೀತಾವ್ನೆ, ನೋಡು.'
'ಉಸಿರು ಬಿಡೋ.'
'ನಿಮ್ಮಮ್ಮ ಬಂದವ್ರೆ, ಗೇಟ್ ಹತ್ರ. ಆಮೇಲೆ ನೋಡು, ಈಗ ಬ್ಯಾಡ.'
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ನಾನು ಹೇಳಬೇಕಾದ್ದು ಇದಲ್ಲ.

ಹೋದ ಫೆಬ್ರವರಿ, ಸೆಮಿಫೈನಲ್, ದಾವಣಗೆರೆಯವರ ಮೇಲೆ.
ಎರಡು ನಿಮಿಷ ಬಾಕಿ, ಒಂದು ಪಾಯಿಂಟ್ ಹಿಂದೆ.
ತನ್ವೀರನಿಗೆ ನಾಲ್ಕು ಫೌಲು; ಐದಾದರೆ ಆಚೆ.
ಇಪ್ಪತ್ತರ ಹುಡುಗ, ಕೈಯಲ್ಲಿ ಬೆಂಕಿ, ತಲೆಯಲ್ಲೂ ಅದೇ.
'ಹನುಮಣ್ಣ, ಅವನ ಪಕ್ಕ ಹೋಗು' ಎಂದರು ಗೌಡರು.
ಮಂಡಿಯ ಕ್ಯಾಪು ಏರಿಸಿಕೊಂಡು ಇಳಿದ.
ಇಂಟು ಹಾಕಿದೆ. ಸುತ್ತಿಲ್ಲ.

ಉದ್ದನೆಯವನು ಒಳನುಗ್ಗಿದ. ಇಬ್ಬರೂ ಅಡ್ಡ ಬಂದರು.
ಅವನ ಮೊಣಕೈಗೆ ಬಡಿದದ್ದು ತನ್ವೀರನ ಕೈ.
ಕಂಡೆ. ನನ್ನ ಎದುರಿಗೇ, ಹತ್ತು ಅಡಿ ದೂರ.
ಸೀಟಿ ಊದಿದ ರೆಫರಿಗೆ ಬರೀ ಬೆನ್ನುಗಳು ಕಂಡಿರಬೇಕು;
ಯಾರೆಂದು ಅವರು ತಡವರಿಸಿದ ಅರೆಗಳಿಗೆಯಲ್ಲಿ
ಗಂಗಹನುಮಯ್ಯ ಕೈ ಎತ್ತಿದ,
ಉತ್ತರ ಗೊತ್ತಿರುವ ಸ್ಕೂಲು ಹುಡುಗನ ಹಾಗೆ, ನೆಟ್ಟಗೆ.

ರೆಫರಿ ಮೇಜಿನ ಕಡೆ ತಿರುಗಿ ಬೆರಳು ತೋರಿಸಿದರು.
ಒಂದು. ಮೂರು.
ತೋರಿಸಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ, ನಿಯಮ ಹಾಗೇ ಇದೆ.
ಆದರೂ ಪೆನ್ನು ನಿಂತಿತು.
ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬರೆಯುತ್ತಿರಲಿಲ್ಲವೇನೋ.
ಬಗ್ಗಿ ಶೂ ಲೇಸು ಕಟ್ಟುತ್ತಿದ್ದ,
ಕಟ್ಟಿದ್ದ ಲೇಸನ್ನೇ.
ಬರೆದೆ.

ಆಮೇಲಿನದು ಹಾಳೆಯಲ್ಲೇ ಇದೆ. ತನ್ವೀರ್ ಏಳು ಪಾಯಿಂಟು,
ಮೂರರಲ್ಲಿ ಗೆದ್ದೆವು.
ಮರುದಿನ ಫೈನಲ್ಲಿನಲ್ಲಿ ಇಪ್ಪತ್ತೆರಡರಲ್ಲಿ ಸೋತೆವು,
ಅದೂ ಇದೆ.

ಸೆಮಿಫೈನಲ್ ಮುಗಿದ ಮೇಲೆ ಬಾಟಲಿಗಳನ್ನು ಗೋಣಿಗೆ ತುಂಬುತ್ತ
ಮೇಜಿನ ಹತ್ತಿರ ಬಂದ. ತಲೆಕೆಳಗಾಗಿದ್ದ ಹಾಳೆಯಲ್ಲಿ
ತನ್ನ ಸಾಲು ಹುಡುಕಿ ಓದಿದ.
'ನಿಮ್ಮ ಅಕ್ಸರ ಮುದ್ದಾಗೈತೆ ಸಾ' ಅಂದ. ಅಷ್ಟೇ.
ಕ್ಯಾತಸಂದ್ರದ ಬಸ್ಸಿಗೆ ಓಡಿದ, ಆ ಮಂಡಿಯಲ್ಲೇ.

ಬಿಳಿ ಪ್ರತಿ ಅಸೋಸಿಯೇಷನ್ನಿಗೆ ಹೋಯಿತು, ಗುಲಾಬಿ ಗೆದ್ದವರಿಗೆ,
ಹಳದಿ ನನ್ನ ಬೀರುವಿನಲ್ಲಿದೆ.
ಅವನ ಖಾಲಿ ಸಾಲುಗಳೆಲ್ಲ ಆ ಕಟ್ಟಿನಲ್ಲೇ ಇವೆ,
ಒಂದೊಂದೂ ದಿಟ.
ಗೊತ್ತಿದ್ದೂ ತಪ್ಪು ಬರೆದದ್ದು ಅದೊಂದೇ ಹಾಳೆ.

ಗೆದ್ದಲು ಹತ್ತುತ್ತೆ, ಹಳೇ ಪೇಪರಿನವನಿಗೆ ಹಾಕಿಬಿಡಿ
ಎಂದಳು ಹೆಂಡತಿ, ಮೊನ್ನೆ.
ಹಾಕು ಅಂದೆ,
ಒಂದನ್ನು ಎಳೆದು ತೆಗೆದಿಟ್ಟುಕೊಂಡು.