ಬಿಚ್ಚದ ಸಾಲು

ಮುಳಗುಂದ ನಾಕಾದ ಹಿಂದ, ಹಿಟ್ಟಿನ ಗಿರಣಿ ಮಗ್ಗಲ
ನಮ್ಮ ಪ್ರೆಸ್ಸು.
ಹಿಟ್ಟು ಹಾರಿ ಬಂದು ಹಸಿ ಮಸಿ ಮ್ಯಾಲ ಕೂಡತಿತ್ತು,
ಲಗ್ನಪತ್ರಿಕಿಯ ವರನ ಹೆಸರಿಗೆ ಜ್ವಾಳದ ವಾಸನಿ.
ಎಪ್ಪತ್ತೆಂಟರಾಗ ಸೇರಿದೆ, ಹದಿನೇಳು ವರ್ಷದಾಕಿ,
ದಿನಕ್ಕ ಮೂರು ರೂಪಾಯಿ.

ಲಗ್ನದ ಸುಗ್ಗಿ ಮುಗದ್ರ ಗೈಡಿನ ಸುಗ್ಗಿ.
ಬಿ.ಎ. ಎರಡನೇ ವರ್ಷ, ಇತಿಹಾಸ, ಇಟಗಿ ಸರ್ ಬರದದ್ದು.
ಹನ್ನೊಂದನೇ ಪಾಠ: ‘ಪಶ್ಚಿಮ ಏಷ್ಯಾದಲ್ಲಿ ಶಾಂತಿ ಯತ್ನಗಳು.’
ಟಿಪ್ಪಣಿ ಬರೆಯಿರಿ. ಐದು ಅಂಕ.
ಇಸ್ರೇಲ್ ಯಾವ ದಿಕ್ಕಿಗೆ ಅಂತ ನನಗ ಗೊತ್ತಿರಲಿಲ್ಲ,
ಪ್ಯಾಲೆಸ್ಟೈನಿಗೆ ಒತ್ತಿನ ಮೊಳಿ ಹುಡುಕಿ ಹುಡುಕಿ
ಬೆರಳು ಕರ್ರಗಾದ್ವು, ಅಷ್ಟ.

ಪಾಠದ ಕಡೇ ಸಾಲು:
‘ಮಾತುಕತೆಗಳು ಮುಂದುವರಿದಿವೆ.’
ಅಚ್ಚಾದ ಮ್ಯಾಲ ಎಲ್ಲಾ ಬಿಚ್ಚಿ
ಮೊಳಿ ಮೊಳಿ ತಿರುಗಿ ಖಣಕ್ಕ ಹಾಕಬೇಕು.
ದಾವಲಸಾಬ ತಡದ: ಇದೊಂದು ಬಿಚ್ಚಬ್ಯಾಡ ತಂಗಿ,
ಮುಂದಿನ ವರ್ಷಾನೂ ಬೇಕಾಗತೈತಿ.
ಹುರಿ ಸುತ್ತಿ, ಬೀಡಿಕಟ್ಟಿನ ಕಾಗದದಾಗ ಮಡಚಿ
ಗೂಡಿನ್ಯಾಗ ಇಟ್ಟ.

ಬೇಕಾತು.
ಸರ್ ನಡುವ ಒಂದೊಂದು ಪ್ಯಾರಾ ತುರುಕತಿದ್ರು,
ಕಡೇ ಸಾಲು ಅದ.
ಮ್ಯಾಡ್ರಿಡ್. ಆಮ್ಯಾಲ ಆಸ್ಲೋ.
‘ಲ’ದ ಒತ್ತು ಸವದಿತ್ತು, ಹುಬ್ಬಳ್ಳಿಯಿಂದ ತರಿಸಿದ್ವಿ.
ತೊಂಬತ್ಮೂರರ ಸೆಪ್ಟೆಂಬರ್, ಹುಲ್ಲಿನ ಮ್ಯಾಲ ಇಬ್ರು ಕೈ ಕುಲುಕಿದ ಫೋಟೋ.
ನಡುವಿನಾಂವ ಲಗ್ನ ಮಾಡಿಸೋ ಅಯ್ಯನಂಗ ಎರಡೂ ಕೈ ಚಾಚಿದ್ದ.
ದಾವಲಸಾಬ ಎಲ್ಲರಿಗೂ ಚಹಾ ತರಿಸಿದ, ಫುಲ್ ಕಪ್ಪು,
ಗೂಡಿನ್ಯಾಗಿನ ಕಟ್ಟು ತಗದು ನನ್ನ ಮುಂದಿಟ್ಟು
‘ಈ ಸಲ ಬಿಚ್ಚು’ ಅಂದ.
ನಾ ಬಿಚ್ಚಲಿಲ್ಲ.
ನಮ್ಮ ತವರಿನ್ಯಾಗ ಒಂದ ಬದುವಿಗೆ ಮೂರು ಸಲ ರಾಜಿ ಆಗಿತ್ತು,
ಮೂರೂ ಸಲ ಹೋಳಿಗಿ ಉಂಡಿದ್ವಿ.

ಎರಡು ವರ್ಷಕ್ಕ
ಶಾಂತಿ ಸಭಾ ಮುಗಿಸಿ ಕಾರಿನ ಕಡೆ ನಡದ ಮುದುಕಗ ಗುಂಡು.
ಹೊಡದಾಂವ ಅವನ ಮಂದ್ಯಾಗಿನವನ.
ಕಿಸೆದಾಗ ಮಡಚಿದ ಹಾಡಿನ ಹಾಳಿ,
ರಕ್ತದಾಗ ಅಕ್ಷರ ಮುಳುಗಿದ್ವಂತ.
ದಾವಲಸಾಬ ಕೇಳಿದ್ದು ಒಂದ:
ಆ ಹಾಳಿ ಅಚ್ಚು ಹಾಕಿದಾಂವ
ಇವತ್ತು ಉಂಡಾನೋ ಇಲ್ಲೋ.

ಕರೆಂಟು ಹೋದ ಒಂದು ಸಂಜಿ ಸರ್ ಹೇಳಿದ್ರು:
ಅರವತ್ತೇಳರ ಠರಾವಿನ್ಯಾಗ, ಇಂಗ್ಲಿಷಿನೊಳಗ
‘ದಿ’ ಅನ್ನೋ ಒಂದು ಪದ ಬಿಟ್ಟಾರ. ಫ್ರೆಂಚಿನೊಳಗ ಐತಿ.
ಗೆದ್ದ ನೆಲದಿಂದ ಹಿಂದ ಸರೀಬೇಕು. ಅಂದ್ರ
ಎಲ್ಲಾ ನೆಲದಿಂದೋ, ಒಂದಿಷ್ಟರಿಂದೋ?
ಅದರ ಮ್ಯಾಲ ವಾದ ಇನ್ನೂ ನಿಂತಿಲ್ಲ.
ನಾ ಕಂದೀಲ ಎತ್ತಿ ಕೇಸು ನೋಡಿದೆ.
ಕನ್ನಡದಾಗ ಆ ಪದಾನ ಇಲ್ಲ, ಅದಕ್ಕೊಂದು ಖಣಾನೂ ಇಲ್ಲ.
‘ಸರ್, ಕನ್ನಡದಾಗ ಬರದಿದ್ರ?’
ನಕ್ಕರು. ನಕ್ಕು ಸುಮ್ಮನಾದ್ರು.
‘ಗದಗ ಕೋರ್ಟಿನ್ಯಾಗ ಬದುವಿನ ಕೇಸು ಎಷ್ಟದಾವ ಗೊತ್ತೇನು?
ಎಲ್ಲಾ ಕನ್ನಡದಾಗ ಬರದ ಪತ್ರಾನ.’

ಅವರಿಬ್ಬರ ಲಿಪೀನೂ
ಬಲದಿಂದ ಎಡಕ್ಕ ಹರೀತಾವಂತ.
ಒಂದ ಅಂಚಿನಿಂದ ಶುರು ಮಾಡತಾರ, ಅಂದ ದಾವಲಸಾಬ.
ಕಟ್ಟಿದ ಅಚ್ಚು ನೆಟ್ಟಗ ಹಿಡದು ನೋಡಿದೆ:
ನಮ್ಮದೂ.

ಕಂಪ್ಯೂಟರ್ ಬಂತು. ಸೀಸಾ ಕಿಲೋ ಲೆಕ್ಕದಾಗ
ಬ್ಯಾಟರಿ ಅಂಗಡಿಯವಗ ಹೋತು, ತಕ್ಕಡಿ ಮುಂದ ಮಾಲಕ ನಿಂತಿದ್ದ.
ಕಟ್ಟು ನನ್ನ ಸೆರಗಿನ್ಯಾಗಿತ್ತು.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ದಾವಲಸಾಬ ಹೋಗಿ ಒಂಬತ್ತು ವರ್ಷಾತು.

ಬೆಟಗೇರಿ ಮನ್ಯಾಗ ಟಿವಿ ಹಚ್ಚಿದ್ರ ಬರೇ ಹೊಗಿ,
ಹೊಗಿಯೊಳಗ ಕೂಸಿನ ಚಪ್ಪಲಿ ಹುಡುಕೋ ತಾಯಂದ್ರು,
ಒತ್ತಿ ಒಯ್ದವರ ಫೋಟೋ ಹಿಡದು ನಿಂತ ತಾಯಂದ್ರು.
ದನಿ ಆರಿಸಿ ಆ ಸಾಲು ತಗೀತೀನಿ,
ಅಂಗೈಗೆ ಒತ್ತತೀನಿ, ಗಟ್ಟಿ.
ಓದಾಕ ಬರತೈತಿ. ‘ಗ’ ಸ್ವಲ್ಪ ಸವದೈತಿ, ಆದ್ರೂ ಬರತೈತಿ,
ಒಂದು ನಿಮಿಷ.
ಆಮ್ಯಾಲ ಚರ್ಮ ಮೊದಲಿನಂಗ ತುಂಬಿಕೊಳ್ಳತೈತಿ.

ಹುರಿ ಎರಡು ಸಲ ಜೀರ್ಣಾತು.
ಬದಲಿಸೀನಿ.