ಒಂಬತ್ತಾಣೆ, ಆರಾಣೆ

ನಲವತ್ತೊಂದು ವರ್ಷ ಸ್ಕೋರು ಬರೆದವನು ನಾನು,
ಒಮ್ಮೆಯೂ ಚೆಂಡು ಎಸೆದವನಲ್ಲ.
ಹಗಲು ಬಂದರು ಕಚೇರಿಯಲ್ಲಿ ಅದಿರಿನ ಟನ್ನು,
ಸಂಜೆ ಕಾಜೂಬಾಗದ ಅಂಗಳದಲ್ಲಿ ಬುಟ್ಟಿ.
ಎರಡೂ ಎಣಿಕೆಯೇ. ಒಂದಕ್ಕೆ ಸಂಬಳ.

ಚಹದಂಗಡಿಯ ಬೆಂಚಿನಲ್ಲಿ ಜಾಗ ಬಿಟ್ಟುಕೊಟ್ಟು
ಹುಡುಗರು ಕೇಳುತ್ತಾರೆ: ರೇವಣಕರಜ್ಜಾ,
ಬಸ್ತ್ಯಾಂವ್ ದೊಡ್ಡವನೋ, ಪ್ರಣಾಲಿ ದೊಡ್ಡವಳೋ?

ಎಪ್ಪತ್ತಮೂರರ ಪುಸ್ತಕ ತೆಗೆದೆ.
ಗೆದ್ದಲು ಅಂಚು ತಿಂದು ಅಂಕ ಬಿಟ್ಟಿದೆ.
ನಾವು ಮೂವತ್ತೆಂಟು, ಅವರು ಮೂವತ್ತಾರು.
ಬಸ್ತ್ಯಾಂವ್ ಲೋಪಿಸ್, ಇಪ್ಪತ್ತೆರಡು.
ರೂಪಾಯಿಗೆ ಒಂಬತ್ತಾಣೆ ಅವನೊಬ್ಬನದೇ.
ಪ್ರಣಾಲಿ ಹರಿಕಂತ್ರ, ಕಳೆದ ಜನವರಿ, ಫ್ಲಡ್‌ಲೈಟಿನಡಿ
ಎಂಬತ್ತೆರಡರಲ್ಲಿ ಮೂವತ್ತೊಂದು.
ಆರಾಣೆ.

ಮುಗೀತಲ್ಲ ಎಂದು ಎದ್ದರು. ಕೂರಿ ಅಂದೆ.

ಆಗ ಮೂರರ ಗೆರೆ ಇರಲಿಲ್ಲ.
ದೂರದಿಂದ ಹಾಕಿದವನಿಗೂ ಎರಡು,
ಬುಟ್ಟಿಯ ಕೆಳಗೆ ನಿಂತು ತುರುಕಿದವನಿಗೂ ಎರಡು,
ನ್ಯಾಯಬೆಲೆ ಅಂಗಡಿಯ ಹಾಗೆ.
ಬಸ್ತ್ಯಾಂವ್ ಎಸೆಯುತ್ತಿದ್ದುದು ಚರಂಡಿ ಚಪ್ಪಡಿಯ ಪಕ್ಕದಿಂದ.
ಹನ್ನೊಂದು ಬುಟ್ಟಿಯಲ್ಲಿ ಏಳು ಅಲ್ಲಿಂದಲೇ.
ಪುಸ್ತಕ ಹೇಳುವುದಿಲ್ಲ, ನನ್ನ ಕಣ್ಣು ಹೇಳುತ್ತದೆ.
(ಕಣ್ಣಿನ ಪೊರೆ ತೆಗೆಸಿದ್ದೇನೆ, ನೆನಪಿನದು ಹಾಗೇ ಇದೆ.)
ಏಳು ಕೂಡಿಸಿ: ಇಪ್ಪತ್ತೊಂಬತ್ತು.
ಪ್ರಣಾಲಿಯ ಮೂರುಗಳು ಐದು,
ಹಳೆ ನಾಣ್ಯಕ್ಕೆ ಇಳಿಸಿ: ಇಪ್ಪತ್ತಾರು.

ಹಾಗಾದರೆ? ಎಂದರು.
ಹಾಗಾದರೂ ಅಲ್ಲ.

ಕಾಳಿಗೆ ಆಗ ಸೇತುವೆಯಿಲ್ಲ, ಅಳಿವೆ ಕುದಿಯುತ್ತಿದ್ದ ದಿನ,
ಮಡಗಾಂವದವರು ಲಾಂಚಿನಲ್ಲಿ ದಾಟಿ
ದಕ್ಕೆಯ ಮೇಲೇ ವಾಂತಿ ಮಾಡಿಕೊಂಡು ಆಡಲು ಬಂದವರು.
ಅವನನ್ನು ತಡೆಯಬೇಕಿದ್ದವನು ಅಂಚೆ ಕಚೇರಿಯ ಸಾರ್ಟರು,
ಹೊಟ್ಟೆ ಬಂದವನು.
ಇವಳನ್ನು ತಡೆದವಳು ಆರಡಿ, ಕೊನೆಕೊನೆಗೆ ಇಬ್ಬಿಬ್ಬರು.
ಇವಳಿಗೆ ನೆಲ ಕಚ್ಚುವ ಬೂಟು.
ಅವನಿಗೆ ಬರಿಗಾಲು, ಕೆಳಗೆ ಚಿರೇಕಲ್ಲಿನ ಚೂರು,
ಚರ್ಮದ ಚೆಂಡು ಚರಂಡಿಗೆ ಬಿದ್ದು ಬಿದ್ದು ನೀರು ಕುಡಿದು
ಎರಡನೇ ಅರ್ಧಕ್ಕೆ ಹಲಸಿನಕಾಯಿ.
ರಿಂಗು, ಡಾಂಬರು ಡ್ರಮ್ಮಿನ ಪಟ್ಟಿ ಬಗ್ಗಿಸಿ ಕಮ್ಮಾರ ಮಾಡಿದ್ದು,
ಅಳತೆಗಿಂತ ಒಂದು ಬೆರಳು ಅಗಲ.
ಇದನ್ನು ಇವತ್ತೇ ಮೊದಲು ಬಾಯಿಬಿಡುತ್ತಿದ್ದೇನೆ.

ಬೆರಳಿಗೆ ಎಷ್ಟು ವಜಾ?
ಬರಿಗಾಲಿಗೆ ಎಷ್ಟು ಜಮೆ?
ಸಾರ್ಟರನ ಹೊಟ್ಟೆಯನ್ನು ಯಾವ ಕಡೆ ಬರೆಯಲಿ?

ಕೊನೆಗೆ ಬಲೆಯ ಹಗ್ಗಕ್ಕೆ ಆರು ಮುಕ್ಕಾಲು ಮೀಟರಿಗೆ ಗಂಟು ಹಾಕಿ
ಎಲ್ಲರೂ ಹೋದೆವು.
ಹಳೆ ಅಂಗಳ ಈಗ ಮೀನಿನ ಟೆಂಪೋ ನಿಲ್ಲುವ ಜಾಗ,
ಐಸು ಕರಗಿದ ನೀರು, ಬಂಗಡೆಯ ಹೊಟ್ಟು.
ಕಂಬ ಒಂದು ಉಳಿದಿದೆ. ರಿಂಗಿಲ್ಲ.
ಟ್ಯೂಷನ್ ತಪ್ಪಿಸಿ ಪ್ರಣಾಲಿಯೂ ಬಂದಳು.
ಗಂಟು ಚಪ್ಪಡಿಯವರೆಗೆ ಬಂತು,
ಒಂದು ಗೇಣು ದಾಟಿತೋ, ಒಂದು ಗೇಣು ಕಡಿಮೆ ಬಿತ್ತೋ;
ಚಪ್ಪಡಿಯನ್ನೇ ನಗರಸಭೆಯವರು ಯಾವಾಗಲೋ ಸರಿಸಿದ್ದಾರಂತೆ.
ಹುಡುಗರು ಜಗಳಕ್ಕಿಳಿದರು.

ಅವಳು ಚಪ್ಪಡಿಯ ಬದಿಗೆ ನಿಂತು
ಮೊಣಕೈ ಎತ್ತಿ
ಇಲ್ಲದ ಚೆಂಡನ್ನು ಇಲ್ಲದ ರಿಂಗಿನತ್ತ ಹಿಡಿದಳು.
ಎಸೆಯಲಿಲ್ಲ.
ಕೂದಲು ಎಡಕ್ಕೆ ಹಾರುತ್ತಿತ್ತು.
ಅಜ್ಜಾ, ಅವತ್ತು ಗಾಳಿ ಯಾವ ಕಡೆಯಿಂದ?

ನಲವತ್ತೊಂದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.
ಹದಿನೇಳು ಪುಸ್ತಕ. ಫೌಲಿಗೆ ಖಾನೆ, ಟೈಮ್‌ಔಟಿಗೆ ಖಾನೆ,
ಗಾಳಿಗೆ ಇಲ್ಲ.

ಕಡಲ ಕಡೆಯಿಂದ, ಅಂದೆ. ನಾಲ್ಕರ ಮೇಲೆ ಜೋರು.

ಅವಳು ಬಲಕ್ಕೆ ಅರ್ಧ ಹೆಜ್ಜೆ ಸರಿದಳು.
ಅಲ್ಲೇ, ಸರಿಯಾಗಿ ಅಲ್ಲೇ
ಬಸ್ತ್ಯಾಂವ್ ಅಂಗೈಗೆ ಉಗುಳಿಕೊಂಡು ನಿಲ್ಲುತ್ತಿದ್ದ.